ಹಿಂದಿನವ ಜಾಗಾ ಬಿಡಬಾರದು

ವಿಜಾಪುರ ರಸ್ತೆ, ಸೊಲ್ಲಾಪುರ
೯-೨-೧೯೭೫

ಪ್ರೀತಿಯ ತಮ್ಮ ಕಲ್ಯಾಣಿಗೆ, ಅಣ್ಣನ ಆಶೀರ್ವಾದ.

ಆರಾಮ ಅದಿಯಲ್ಲೋ? ಮುಂಬೈ ನೀರು ನಿನಗ ಒಗ್ಗೂದಿಲ್ಲಂತ ನಿಮ್ಮ ವೈನಿ ದಿನಾ ಅಂತಾಳ. ಶೇಂಗಾ ಚಟ್ನಿ ಕುಟ್ಟಿ ಇಟ್ಟಾಳ, ಒಯ್ಯವರು ಯಾರೂ ಸಿಕ್ಕಿಲ್ಲ. ನಾವೆಲ್ಲಾ ಆರಾಮ ಅಂತ ಬರದ್ರ ಸುಳ್ಳಾಗತದ. ಅಪ್ಪಗ ಲಕ್ವಾ ಹೊಡದು ಇವತ್ತಿಗೆ ಹನ್ನೊಂದು ದಿನ. ಬಲಗೈ ಏಳೂದಿಲ್ಲ, ಮಾತು ನಿಂತಾವ. ಮೊದಲ ದಿನಾನ ತಾರ ಮಾಡಬೇಕಾಗಿತ್ತು. ಯಾವ ಮಾರಿ ಹೊತ್ತು ಮಾಡಲಿ?

ಹೋದ ವರ್ಷ ಅಕ್ಕಲಕೋಟಿಯವರ ಜೋಡಿ ಆಡಿದ ಆ ಫುಟ್‌ಬಾಲ್ ಮ್ಯಾಚು ನನ್ನ ಬಿಡವಲ್ದು. ಐದೈದು ಮಂದಿ ಆಟ. ಪಡಸಾಲ್ಯಾಗ ಐದು ಅಡಿಕಿ ಇಟ್ಟು ನೀನ ಕಲಿಸಿದ್ದಿ. ಗೋಲಿನ್ಯಾಗ ಒಂದು, ಅದರ ಮುಂದ ನಾನು, ಎರಡೂ ಬಾಜೂಕ ಒಂದೊಂದು, ತುದೀಗೆ ನೀನು. ಥೇಟ ದಾರ ಕಟ್ಟಿ ಹಾರಸೂ ಪತಂಗ. "ನಾ ಮುಂದ ಚೆಂಡು ಹಿಡದು ಅವರನ್ನೆಲ್ಲಾ ನನ್ನ ಕಡಿ ಎಳಕೋತೀನಿ, ಬಾಜೂದವರು ನನ್ನ ದಾಟಿ ಓಡ್ರಿ. ಅಣ್ಣಾ, ನೀ ಹಿಂದಿನವ. ಏನಾದ್ರೂ ಜಾಗಾ ಬಿಡಬ್ಯಾಡ" ಅಂದಿದ್ದಿ. ಅಡಿಕಿ ತಿನ್ನಾಕ ಅದಾವೋ ಆಡಾಕೋ ಅಂತ ಅಪ್ಪ ಬೈದ್ರೂ ಬಗ್ಗಿ ಬಗ್ಗಿ ನೋಡತಿದ್ರು.

ಆಟ ಒಂದಕ್ಕೊಂದು ಸಮ ಇತ್ತು, ಉಳದದ್ದು ಎರಡ ನಿಮಿಷ. ನೀ ಚೆಂಡು ತೊಗೊಂಡು ಮುಂದ ಹೋದಿ, ಮಂದಿ ಕಣ್ಣೆಲ್ಲಾ ನಿನ್ನ ಮ್ಯಾಲ. ಅಷ್ಟರಾಗ ನಮ್ಮ ಗೋಲಿನ ಕಡಿಂದ ಅಪ್ಪ ಬರೂದು ಕಂಡ್ರು. ಬರೂದಿಲ್ಲ ಅಂದವರು! ಎರಡು ಮಕ್ಕಳ ತಂದಿ ನಾನು, ಅವರ ಮುಂದ ಎಂದೂ ಮೊಣಕಾಲು ತೋರಿಸಿದವನಲ್ಲ, ಚಡ್ಡೀ ಮ್ಯಾಲ ನಿಂತೀನಿ. ಅವರು ನೋಡೂದ್ರಾಗ ಬೇವಿನ ಗಿಡದ ಹಿಂದಿಟ್ಟ ಧೋತರಕ್ಕ ಓಡಿದೆ. ಸುತ್ತಿಕೊಂಡು ಹೊಳ್ಳೂದ್ರಾಗ ಅವರು ಚೆಂಡು ಕಸಗೊಂಡು, ನಾ ಬಿಟ್ಟ ಜಾಗಾದಾಗಿಂದ ನಮ್ಮ ಮ್ಯಾಲ ಗೋಲು ಹೊಡದಿದ್ರು.

ಮಂದಿ ನಿನ್ನ ಮ್ಯಾಲ ಬಿದ್ರು, ಒಬ್ಬನ ಮೆರಿಯಾಕ ಹೋಗಿ ಸೋಲಿಸಿದಿ ಅಂತ. ಅಪ್ಪನೂ "ಮುಂದ ಓಡೂದಷ್ಟ ಗೊತ್ತು ಇವಗ, ಹಿಂದ ಮನಿ ಅದ ಅನ್ನೂದು ಗೊತ್ತಿಲ್ಲ. ಅಂಗಡಿ ಗಾದಿ ಮ್ಯಾಲ ಇವನ ಕೂಡಸೂದಿಲ್ಲ" ಅಂದ್ರು. ನೀ ನನ್ನ ಮಾರಿ ನೋಡಿದಿ. ನಾ ನಿರಿಗಿ ಸರಿ ಮಾಡಕೋತ ನಿಂತೆ. ಜಾಗಾ ಬಿಟ್ಟವ ಅಣ್ಣ ಅಂತ ನೀ ಯಾರಿಗೂ ಹೇಳದ ಮರುದಿನ ಮುಂಬೈ ಗಾಡಿ ಹತ್ತಿದಿ. ಆ ಗಾದಿ ಮ್ಯಾಲ ಕೂತು ಟಾವೆಲ್ ಮಾರತೀನಿ, ಒಂದು ದಿನಾನೂ ಸಮಾಧಾನ ಇಲ್ಲ.

ಹುಡುಗರು ಕಾಕಾ ಯಾವಾಗ ಬರತಾನಂತ ಕೇಳತಾವ. ಸಿದ್ಧರಾಮ ನಿನ್ನ ಕಾಯಲಿ.

ನಿನ್ನ ಅಣ್ಣ,
ಶಿವಶರಣಪ್ಪ

ತಾ.ಕ.: ನಿನ್ನೆ ಅಪ್ಪನ ಮುಂದ ತಾಟಿನ್ಯಾಗ ಐದು ಅಡಿಕಿ ಇಟ್ಟು, ಕಿವ್ಯಾಗ ಎಲ್ಲಾ ಖರೆ ಹೇಳಿದೆ. ಎಡಗೈಲೆ ಹಿಂದಿನ ಅಡಿಕಿ, ನಂದು, ಎತ್ತಿ ನನ್ನ ಮ್ಯಾಲ ಒಗದ್ರು. ಒಗೀಲಿ. ಮುಂದಿಂದು, ನಿಂದು, ಮುಠ್ಠ್ಯಾಗ ಹಿಡಕೊಂಡಾರ. ಡಾಕ್ಟರ ಬಂದ್ರೂ ಬಿಡವಲ್ರು, ಔಷಧ ಕುಡಿಯುವಾಗೂ ಬಿಡವಲ್ರು. ಭಾಳ ದಿನ ಇಲ್ಲಂತ ಡಾಕ್ಟರ ಅಂದಾರ. ಲಗೂ ಬಾ. ಆ ಮುಠ್ಠಿ ನೀನ ಬಿಡಸಬೇಕು.