ಅಮೂಲ್ಯ ಗುರುತು ಹಾಕಿದ ಚೌಕ

೬ ಜೂನ್ ೨೦೦೬, ಮಂಗಳವಾರ

"ನಮ್ಮ ಮನೆ ವಿಷಯಕ್ಕೆ ನೀವು ಕೈ ಹಾಕಬಾರದಿತ್ತು" ಎಂದು ದಕ್ಷಿಣಾಮೂರ್ತಿ ಹೇಳಿಹೋದ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಹೇಳಲಿ. ನಾನು ತಪ್ಪು ಮಾಡಿಲ್ಲ.

ಸಂಜೆ ಅವರು ಹೆಂಡತಿ ರತ್ನಪ್ರಭಾ, ಮಗಳು ಅಮೂಲ್ಯಳ ಜೊತೆ ನನ್ನ ಮನೆಗೆ ಬಂದಿದ್ದರು. ಅಮೂಲ್ಯ ನಮ್ಮ ಶಾಲೆಯಲ್ಲಿ ಈ ವರ್ಷ ಹನ್ನೆರಡನೇ ತರಗತಿ ಮುಗಿಸಿದ ನನ್ನ ವಿದ್ಯಾರ್ಥಿನಿ. ದೆಹಲಿ ವಿಶ್ವವಿದ್ಯಾಲಯದ ಅರ್ಜಿ ತುಂಬಬೇಕಿತ್ತು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಮಂದ. ಅಂಗವಿಕಲರ ಮೀಸಲಾತಿಯ ಚೌಕಕ್ಕೆ ಗುರುತು ಹಾಕಿದರೆ ಅವಳು ಬಯಸಿದ ಕಾಲೇಜು ಸಿಗಬಹುದು ಎಂದೆ.

ದಕ್ಷಿಣಾಮೂರ್ತಿ ಅರ್ಜಿಯ ಮೇಲೆ ಅಂಗೈ ಊರಿದರು. "ಬೇಡ ಮೇಡಂ. ನಾಳೆ ಗಂಡಿನ ಕಡೆಯವರಿಗೆ ಗೊತ್ತಾದ್ರೆ?"

ಅಮೂಲ್ಯ ಕೂದಲನ್ನು ಹಿಂದಕ್ಕೆ ಸರಿಸಿದಳು. ಕಿವಿಯ ಯಂತ್ರ ಎಲ್ಲರಿಗೂ ಕಂಡಿತು. "ಗೊತ್ತಾಗ್ಲಿ ಪಪ್ಪಾ. ಮೈ ನಹೀ ಛುಪಾಊಂಗಿ, ನಾನು ಮುಚ್ಚಿಡಲ್ಲ. ಮುಚ್ಚಿಟ್ಟು ಸಾಕಾಯ್ತು" ಎಂದು ಅಪ್ಪನ ಕೈ ಸರಿಸಿ ಗುರುತು ಹಾಕಿದಳು.

ದಕ್ಷಿಣಾಮೂರ್ತಿ ಸಹಿ ಮಾಡುವುದಿಲ್ಲವೆಂದು ಎದ್ದುಬಿಟ್ಟರು. ರತ್ನಪ್ರಭಾ ಅರ್ಜಿಯನ್ನು ತಮ್ಮ ಕಡೆ ಎಳೆದುಕೊಂಡು ಕೇಳಿದರು, "ತಾಯಿ ಸಹಿ ನಡೆಯುತ್ತಾ?"

ನಡೆಯುತ್ತದೆ ಎಂದೆ. ಗಂಡನ ಕಡೆ ನೋಡದೆ, ನಿಧಾನವಾಗಿ, ಪೂರ್ತಿ ಹೆಸರು ಬರೆದರು.

ಆ ಹುಡುಗಿ ಮೇಷ್ಟ್ರುಗಳ ತುಟಿ ನೋಡಿ ಪಾಠ ಕಲಿತು ಎಂಬತ್ತೊಂದು ಪರ್ಸೆಂಟ್ ತೆಗೆದಿದ್ದಾಳೆ. ನಾಚಿಕೆಪಡಬೇಕಾದವಳು ಅವಳಲ್ಲ. ಅವಳಪ್ಪ ಪ್ರಿನ್ಸಿಪಾಲರಿಗೆ ದೂರು ಕೊಟ್ಟರೆ ಅಲ್ಲೂ ಇದನ್ನೇ ಹೇಳುತ್ತೇನೆ. ನಾಳೆ ಎಂಟಕ್ಕೆ ತಾಯಿ ಮಗಳ ಜೊತೆ ವಿಶ್ವವಿದ್ಯಾಲಯದ ನಾರ್ತ್ ಕ್ಯಾಂಪಸ್ಸಿನಲ್ಲಿ ಅರ್ಜಿ ಕೊಡುವ ಕ್ಯೂನಲ್ಲಿ ನಿಲ್ಲುತ್ತೇನೆ. ರಸೀತಿ ಕೈಗೆ ಬರುವವರೆಗೂ ಕದಲುವುದಿಲ್ಲ.

ಈಗ ಆ ಮನೆಯಲ್ಲಿ ರತ್ನಪ್ರಭಾ ಏನೇನು ಕೇಳಬೇಕಾಗಿದೆಯೋ. ಆದರೂ ಹೊರಡುವಾಗ ಬಾಗಿಲಲ್ಲಿ ತಿರುಗಿ, "ಎಂಟಕ್ಕೇ ಅಲ್ವಾ?" ಎಂದು ಗಂಡನ ಕಿವಿಗೂ ಬೀಳುವಷ್ಟು ಜೋರಾಗಿ ಕೇಳಿದರು.