ಮೈಕಿನಿಂದ ಕಲಿತ ಇಂಗ್ಲಿಷು

ಮಂಗಳವಾರ, ಜುಲೈ ೯

ಚಿರಂಜೀವಿ ಮಗನಿಗೆ,

ನಿನ್ನಮ್ಮನ ಮನಸಾರೆ ಆಶೀರ್ವಾದ. ಇಲ್ಲಿ ಅತ್ತೆ ಸೊಸೆ ಇಬ್ಬರೂ ಚೆನ್ನಾಗಿದ್ದೇವೆ. ನನ್ನ ಮೊಣಕಾಲು ಮಾತ್ರ ಚೆನ್ನಾಗಿಲ್ಲ, ಅದು ಯಾವಾಗ ಚೆನ್ನಾಗಿತ್ತು ಹೇಳು! ಉತ್ತರ ತಡವಾಯಿತೆಂದು ಸಿಟ್ಟು ಮಾಡಿಕೊಳ್ಳಬೇಡ. ಶಾಲೆ ಶುರುವಾದ ಹೊಸತು, ಯೂನಿಫಾರ್ಮುಗಳ ರಾಶಿಯಲ್ಲಿ ನಾನೇ ಕಳೆದುಹೋಗಿದ್ದೆ. ಅದೂ ಅರ್ಧ ಸತ್ಯ. 'ಅವಳಿಗೆ ಈಗ ಇಂಗ್ಲಿಷಿನ ಹುಚ್ಚು ಯಾಕೆ, ಕೆಲಸಗಿಲಸ ಬೇಡ ಅಂತ ನೀನೇ ಬುದ್ಧಿ ಹೇಳಮ್ಮ' ಎಂದು ಬರೆದಿದ್ದೆಯಲ್ಲ, ಅದಕ್ಕೆ ಏನು ಉತ್ತರ ಕೊಡಲಿ ಎಂದು ತಿಳಿಯದೆ ದಿನ ತಳ್ಳಿದೆ. ಈಗ ಹೇಳಲೇಬೇಕು. ನಿನ್ನ ಹೆಂಡತಿಗೆ ಕೆಲಸ ಸಿಕ್ಕಿದೆ. ನಮ್ಮ ಟೈಲರ್ ಅಂಗಡಿಯ ಹಿಂದಿರುವ ರೈಲ್ವೆ ಸ್ಟೇಷನ್ನಿನಲ್ಲಿ, ಮೈಕಿನಲ್ಲಿ ರೈಲು ಬರುವುದು ಹೋಗುವುದನ್ನು ಹೇಳುವ ಕೆಲಸ. ಬರುವ ಸೋಮವಾರದಿಂದ ಹೋಗುತ್ತಾಳೆ.

ಇದು ಹೇಗಾಯಿತು ಎಂದು ಕೇಳು. ನಮ್ಮ ಗಿರಾಕಿಗಳಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಬಾಯಿ ಬಿಟ್ಟರೆ ಪದದ ಅರ್ಥವೇ ಬರುವುದರಿಂದ ಬೀದಿಯವರೆಲ್ಲ ಅವರನ್ನು ಡಿಕ್ಷನರಿ ಮೇಷ್ಟ್ರು ಅನ್ನುತ್ತಾರೆ. ಕಳೆದ ವರ್ಷ ಪ್ಯಾಂಟಿನ ಸೊಂಟ ಬಿಗಿ ಮಾಡಿಸಲು ಬಂದಿದ್ದಾಗ ಇವಳು ಕತ್ತರಿ ಕೆಳಗಿಟ್ಟು, "ಸಾರ್, ನಂಗೆ ಇಂಗ್ಲಿಷ್ ಹೇಳ್ಕೊಡ್ತೀರಾ?" ಅಂದಳು. ಅವರು ಕನ್ನಡಕದ ಮೇಲಿಂದ ನೋಡಿ, "ವ್ಯಾಕರಣ ಬೇಕೋ, ಪದ ಬೇಕೋ?" ಎಂದರು. "ಮೊದಲು ಪದ ಸಾರ್" ಅಂದಳು. ಅಂದಿನಿಂದ ಸಂಜೆ ಅಂಗಡಿ ಬಾಗಿಲು ಹಾಕಿದ ಮೇಲೆ ಅವರ ಮನೆಯ ಜಗಲಿಯಲ್ಲಿ ಪಾಠ. ಫೀಸಿನ ಬದಲು ಅವರ ಮನೆಯ ಹರಿದ ಬಟ್ಟೆಯೆಲ್ಲ ನಮ್ಮಲ್ಲಿ ಹೊಲಿಗೆ.

ಮೇಷ್ಟ್ರ ಪಾಠ ಅವಳಿಗಾಗಿಯೇ ಅಳತೆ ತೆಗೆದಂತಿದೆ. "ಅರ್ಥ ಅಂದ್ರೆ ಬಟ್ಟೆ ಕಣಮ್ಮ, ಬಳಕೆ ಅಂದ್ರೆ ಹೊಲಿಗೆ, ಉಚ್ಚಾರ ಅಂದ್ರೆ ಇಸ್ತ್ರಿ. ಮೂರೂ ಆಗದೆ ಮೈಮೇಲೆ ಹಾಕ್ಕೋಬಾರದು" ಅನ್ನುತ್ತಾರಂತೆ. ಹಾಗಾಗಿ ಹೊಸ ಪದ ಸಿಕ್ಕ ದಿನ ಅದನ್ನು ಮನೆಯಲ್ಲಿ ಆಡಿ ಆಡಿ ನನ್ನ ತಲೆ ತಿಂದುಬಿಡುತ್ತಾಳೆ. ತಿಂದಷ್ಟೂ ನನಗೂ ನಾಲ್ಕು ಅಕ್ಷರ ಬಂತು ಅನ್ನು. ನಾವು 'ನೋಡು' ಎಂದು ಒಂದೇ ಮಾತಲ್ಲಿ ಮುಗಿಸುವುದಕ್ಕೆ ಅವರಲ್ಲಿ ಸೀ, ಲುಕ್, ವಾಚ್ ಎಂದು ಮೂರಂತೆ. ಕಣ್ಣಿರುವುದೇ ಎರಡು, ನೋಡುವುದಕ್ಕೆ ಮೂರು ಮಾತು ಯಾಕೆ ಎಂದು ನಾನು ಜಗಳ ಮಾಡಿದೆ. "ಅತ್ತೆ, ಕಣ್ಣಿಗೆ ಬಿದ್ರೆ ಸೀ, ನಾವಾಗಿ ನೋಡಿದ್ರೆ ಲುಕ್, ನೀವು ಗುಂಡಿಗೆ ಕಾಜ ಹಾಕೋದನ್ನ ನಾನು ನೋಡ್ತಾ ಕೂತ್ರೆ ವಾಚ್" ಅಂದಳು. ಚಾಕುವಿಗೆ ಅವರು ಅನ್ನುವ 'ನೈಫ್' ಪದದ ಮೊದಲಲ್ಲೇ ಒಂದು ಅಕ್ಷರ ಬರೆಯಬೇಕಂತೆ, ಆದರೆ ಅದನ್ನು ಉಚ್ಚರಿಸಬಾರದಂತೆ. ಸಂಬಳ ತಗೊಂಡು ಕೈಕಟ್ಟಿ ಕೂರುವ ನೌಕರನನ್ನು ನಾನಾಗಿದ್ದರೆ ಎಂದೋ ಮನೆಗೆ ಕಳಿಸುತ್ತಿದ್ದೆ.

ಉಚ್ಚಾರಕ್ಕೆ ಮಾತ್ರ ಇನ್ನೊಬ್ಬ ಗುರು. ಮೇಷ್ಟ್ರಿಗೆ ಮುಂದಿನ ಹಲ್ಲಿಲ್ಲ, ಕೆಲವು ಶಬ್ದ ಗಾಳಿಯಲ್ಲೇ ಹೋಗುತ್ತವೆ. ಅದಕ್ಕೆ ಇವಳು ಸ್ಟೇಷನ್ನಿನ ಮೈಕನ್ನೇ ಗುರು ಮಾಡಿಕೊಂಡಳು. ಅಲ್ಲಿ ಮೈಕಿನ ಹೆಂಗಸು ಒಂದು ಮಾತು ಹೇಳಿದರೆ ಇಲ್ಲಿ ಇವಳು ಮಿಷನ್ ತುಳಿಯುತ್ತಲೇ ಅದೇ ಮಾತನ್ನು ಅದೇ ರಾಗದಲ್ಲಿ ಒಪ್ಪಿಸಬೇಕು. ಪರಿಣಾಮ ಏನಾಯಿತೆಂದರೆ, ಇವಳು ಯಾವ ಇಂಗ್ಲಿಷ್ ಆಡಿದರೂ ಯಾವುದೋ ರೈಲು ಬರುತ್ತಿದೆ ಅನ್ನಿಸುತ್ತಿತ್ತು. ಊಟ ತಡವಾದರೆ ಅಡುಗೆಮನೆಯಿಂದ 'ಇನ್‌ಕನ್ವೀನಿಯೆನ್ಸ್ ಈಸ್ ರಿಗ್ರೆಟೆಡ್' ಎಂದು ಘೋಷಣೆಯಾಗುತ್ತಿತ್ತು. ಹಸಿದ ಹೊಟ್ಟೆಯಲ್ಲೂ ನಗು ತಡೆಯುವುದು ಕಷ್ಟ.

ಆ ಮೈಕಿನ ಹೆಂಗಸು ನಿವೃತ್ತಿಯಾದಾಗ ಆ ಜಾಗಕ್ಕೆ ಇವಳೂ ಅರ್ಜಿ ಹಾಕಿದಳು. ಸಂದರ್ಶನದ ದಿನ ನಾನೂ ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂತೆ. ಬಾಗಿಲು ಅರ್ಧ ತೆರೆದಿತ್ತು. ಕಾಲೇಜು ಓದಿದ ಹುಡುಗಿಯರ ಸಾಲು ನೋಡಿ ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ಇವಳ ಕೈಗೆ ಒಂದು ಚೀಟಿ ಕೊಟ್ಟು ಓದಲು ಹೇಳಿದರು. ಇವಳು ಗಂಟಲು ಸರಿಮಾಡಿಕೊಂಡು ಮೊದಲು ಏನು ಮಾಡಿದಳು ಗೊತ್ತೇ? ಬಾಯಲ್ಲೇ 'ಟಿಂಗ್ ಟಾಂಗ್' ಎಂದಳು! ಒಳಗೆಲ್ಲ ನಗು. ಅಧಿಕಾರಿಯಮ್ಮ, "ಅದನ್ನ ಮಿಷನ್ ಮಾಡುತ್ತಮ್ಮಾ, ನೀವು ಮಾಡ್ಬೇಕಾಗಿಲ್ಲ" ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಇವಳು ಅಳುತ್ತಾಳೆ, ಎದ್ದು ಬರುತ್ತಾಳೆ ಅಂದುಕೊಂಡೆ. ಇಲ್ಲ ಕಣಪ್ಪ. "ಕ್ಷಮಿಸಿ ಮೇಡಂ, ಅದನ್ನೂ ಸೇರಿಸೇ ಬಾಯಿಪಾಠ ಮಾಡಿದ್ದೆ" ಎಂದು ತಾನೂ ನಕ್ಕು, ಆಮೇಲೆ ಚೀಟಿ ಓದಿದಳು. ಒಂದು ಅಕ್ಷರ ಎಡವಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಮೂಟೆ ಹೊತ್ತಿದ್ದವರೂ ಕಿಟಕಿ ಕಡೆ ತಿರುಗಿ ನೋಡಿದರು. ಕೊನೆಗೆ ಅಧಿಕಾರಿಯಮ್ಮ, ರೈಲು ರದ್ದಾಗಿ ಒಬ್ಬ ಮುದುಕಿ ಅಳುತ್ತ ನಿಂತರೆ ಏನು ಹೇಳುತ್ತೀರಿ ಎಂದು ಇಂಗ್ಲಿಷಿನಲ್ಲೇ ಕೇಳಿದರಂತೆ. ಅದಕ್ಕೂ ಇವಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ನನಗೆ ಪದ ತಿಳಿಯಲಿಲ್ಲ, ಆದರೆ ಆ ಧ್ವನಿ ಕೇಳಿದ ಯಾವ ಮುದುಕಿಯಾದರೂ ಅಳು ನಿಲ್ಲಿಸಿಯಾಳು. ಹೊಟ್ಟೆಯಲ್ಲಿ ಹುಟ್ಟಿದವಳಾಗಿದ್ದರೂ ಇಷ್ಟು ಹೆಮ್ಮೆಪಡುತ್ತಿದ್ದೆನೋ ಇಲ್ಲವೋ.

ನೀನು ಹೇಳಿದ ಬುದ್ಧಿಮಾತನ್ನು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಬೇಕಿದ್ದರೆ ನೀನೇ ಬಂದು ಹೇಳು. ಬರುವಾಗ ರೈಲಿನಲ್ಲೇ ಬಾ.

ಹೋಟೆಲಿನ ಕೌಂಟರಿನಲ್ಲಿ ನಿಂತೇ ದಿನ ಕಳೆಯಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬಾಳು ತಣ್ಣಗಿರಲಿ, ನಿನ್ನನ್ನು ನಂಬಿದವರೂ ತಣ್ಣಗಿರಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಬರೆಯಬಾರದೆಂದಿದ್ದೆ, ತಡೆಯಲಾಗಲಿಲ್ಲ. ಹೋದ ವರ್ಷ ನೀನು ಹೋಟೆಲಿನ ಗೆಳೆಯರನ್ನು ಮನೆಗೆ ಕರೆತಂದಿದ್ದೆ. ಅವಳು ನೀರು ಕೊಟ್ಟು ತಿರುಗುವಾಗ ನೀನು ಅವಳ ಕಡೆ ಕೈ ತೋರಿಸಿ ಇಂಗ್ಲಿಷಿನಲ್ಲಿ ಏನೋ ಅಂದೆ, ಅವರು ನಕ್ಕರು. ಅವತ್ತು ತಟ್ಟೆ ತೊಳೆಯುತ್ತ ಅವಳು ನಿನ್ನ ಬಾಯಿಂದ ಬಿದ್ದ ಪದವನ್ನೇ 'ಎಂಬರಾಸ್‌ಮೆಂಟ್, ಎಂಬರಾಸ್‌ಮೆಂಟ್' ಎಂದು ಗೊಣಗಿಕೊಳ್ಳುತ್ತಿದ್ದಳು. ಪಾಠಕ್ಕೆ ಹೋಗತೊಡಗಿದ ಮೇಲೆ ಒಂದು ದಿನ ಅದರ ಅರ್ಥ ಕೇಳಿದೆ. "ಸಂಕೋಚದವಳು ಅಂತ ಅತ್ತೆ. ನನ್ನನ್ನ ಹೊಗಳಿದ್ದು" ಅಂದಳು. ನಿನ್ನೆ ಮೇಷ್ಟ್ರು ಅಂಗಡಿಗೆ ಬಂದು ಶಿಷ್ಯೆಯನ್ನು ಹೊಗಳುತ್ತ, "ಮೊದಲನೇ ದಿನ ಜಗಲಿ ಹತ್ತಿದವಳು ಕೂರೋ ಮುಂಚೆನೇ 'ಎಂಬರಾಸ್‌ಮೆಂಟ್' ಅಂದ್ರೇನು ಅಂತ ಕೇಳಿದಳಮ್ಮ. ಮುಜುಗರ, ತಲೆ ತಗ್ಗಿಸೋ ಹಾಗೆ ಮಾಡೋ ವಿಷಯ ಅಂದೆ. 'ಮನುಷ್ಯರಿಗೂ ಹಾಗಂತಾರಾ ಸಾರ್?' ಅಂದಳು. ಅಂತಾರೆ ಅಂದೆ. ಅದನ್ನ ಪುಸ್ತಕದಲ್ಲಿ ಬರ್ಕೊಂಡು, 'ಸರಿ ಸಾರ್, ಮುಂದಿನ ಪದ ಹೇಳಿ' ಅಂದಳು" ಎಂದರು. ಮೇಷ್ಟ್ರಿಗೆ ಅದು ಯಾರು ಯಾರಿಗೆ ಅಂದ ಮಾತೆಂದು ಗೊತ್ತಿಲ್ಲ. ಮಗನೇ, ಅವಳು ನನಗೆ ಸುಳ್ಳು ಹೇಳಿದ್ದು ನನ್ನ ಕಣ್ಣಲ್ಲಿ ನೀನು ಸಣ್ಣವನಾಗಬಾರದೆಂದು.