ಲೆಡ್ಯಾರ್ಡಿನ ಮೂರು ಸಾವಿರ ಜನ

ಓಲ್ಡ್ ಬೆಥನಿ, ಅಲಬಾಮಾ
ಫೆಬ್ರವರಿ 9, 2023, ಗುರುವಾರ

ಪ್ರೀತಿಯ ಕೋರ್ಡೆಲ್ ಅಣ್ಣಾ,

ಇವತ್ತು ಬೆಳಿಗ್ಗೆ ಶಾಲೆಯ ಮುಂದೆ ನಿಂತಿದ್ದ ಹೊಸ ಗಾಡಿಯೊಂದರ ನಂಬರ್ ಪ್ಲೇಟಿನಲ್ಲಿ, ಮೂಲೆಯ ಆ ಪುಟ್ಟ ಹೃದಯ ಒಂದು ಕಡೆಗೆ ವಾಲಿತ್ತು. ಜೈಲಿನಲ್ಲಿ ನಾವು ಪ್ಲೇಟು ಒತ್ತುವ ಅಚ್ಚಿನ ಯಂತ್ರ ಹಳತಾಗಿದೆ, ಸಂಜೆ ಪಾಳಿಯಲ್ಲಿ ಹೃದಯ ಸೊಟ್ಟಗೆ ಬೀಳುತ್ತದೆ ಎಂದು ಹೋದ ಸಲ ಭೇಟಿಗೆ ಬಂದಾಗ ಗಾಜಿನಾಚೆಯಿಂದ ನೀನು ಹೇಳಿದ್ದೆಯಲ್ಲ, ಅದು ನೆನಪಾಗಿ ಬಗ್ಗಿ ನೋಡುತ್ತಾ ನಿಂತುಬಿಟ್ಟೆ. ಗಾಡಿಯವನು ಕಿಟಕಿ ಇಳಿಸಿ, ಏನಮ್ಮಾ, ಏನಾದ್ರೂ ಬಿದ್ದೋಯ್ತಾ ಎಂದು ಕೇಳಿದ. ಏನೂ ಇಲ್ಲ ಎಂದು ಒಳಗೆ ಓಡಿಬಂದೆ. ನಮ್ಮಣ್ಣ ಒತ್ತಿದ್ದು ಎಂದು ಹೇಳಬಹುದಿತ್ತು. ಬೇಕಾದಾಗ ತೆರೆಯದ ನಿನ್ನ ತಂಗಿಯ ಬಾಯಿ ನಿನಗೆ ಗೊತ್ತೇ ಇದೆ.

ನಿನ್ನ ಕೆಮ್ಮು ಹೇಗಿದೆ? ಇನ್ನೊಂದು ಕಂಬಳಿ ಕೊಟ್ಟರೇ, ಅಥವಾ ಇನ್ನೂ ಅರ್ಜಿ ಬರೆಯುತ್ತಲೇ ಇದ್ದೀಯಾ? ಅಮ್ಮ ಚೆನ್ನಾಗಿದ್ದಾಳೆ. ಹಾಗೆಂದು ಬರೆಯಲು ಅವಳೇ ಹೇಳಿದ್ದಾಳೆ. "ಚೆನ್ನಾಗಿದೀನಿ ಅಂತ ಬರಿ. ಕಾಲಿನ ವಿಷ್ಯ ಎತ್ತಬೇಡ. ಅಲ್ಲಿ ಕೂತ್ಕೊಂಡು ಅವನೇನು ಮಾಡ್ತಾನೆ, ಉಫ್ ಅಂತ ಊದ್ತಾನಾ?" ನೋಡು, ಎತ್ತಿಯೇಬಿಟ್ಟೆ. ಸಕ್ಕರೆ ಕಾಯಿಲೆಯ ಕಾಲಿನಲ್ಲಿ ನವೆಂಬರಿನಲ್ಲಾದ ಬೆರಳ ಸಂದಿನ ಗಾಯ ಇನ್ನೂ ಆರಿಲ್ಲ. ಮೊದಲಾಗಿದ್ದರೆ ಚರ್ಚಿನ ಪಕ್ಕದ ಕ್ಲಿನಿಕ್ಕಿಗೆ ನಡೆದೇ ಹೋಗಿ ಪಟ್ಟಿ ಬದಲಾಯಿಸಿಕೊಂಡು ಬರುತ್ತಿದ್ದಳು. ಆ ಕ್ಲಿನಿಕ್ ಈಗ ಅಲ್ಲಿಲ್ಲ. ಅದು ಎಲ್ಲಿಗೆ ಹೋಯಿತೆಂದು ನಿನಗೆ ಇಷ್ಟು ದಿನ ಬರೆದಿರಲಿಲ್ಲ. ಇವತ್ತು ಬರೆಯುತ್ತೇನೆ.

ಹೋದ ಸೆಪ್ಟೆಂಬರಿನಲ್ಲಿ ಶಾಲೆಯಲ್ಲಿ ನನಗೊಂದು ಕೆಲಸ ವಹಿಸಿದರು. ನಾಲ್ಕನೇ ತರಗತಿಯ ಮಕ್ಕಳಿಗೆ 'ನಮ್ಮ ರಾಜ್ಯ' ಎಂಬ ಚಿಕ್ಕ ಪುಸ್ತಕ ಬರೆಯಬೇಕು. "ಸಾಹಿತ್ಯ ಓದಿದೋಳು ನೀನು, ಚೆಂದ ಮಾಡಿ ಬರಿ. ಆದ್ರೆ ನಿನ್ನ ಮುಖದ ಥರ ಅಳುಮುಂಜಿ ಆಗಬಾರದು ನೋಡು," ಎಂದರು ಮುಖ್ಯೋಪಾಧ್ಯಾಯಿನಿ ಆರ್ಲೀನ್. ಬರೆದೆ. ಉತ್ತರಕ್ಕೆ ಬೆಟ್ಟ, ನಡುವೆ ನಮ್ಮ ಕಪ್ಪು ಮಣ್ಣಿನ ಪಟ್ಟಿ, ದಕ್ಷಿಣದಲ್ಲಿ ಮೊಬೀಲ್ ಕೊಲ್ಲಿ. ಅರವತ್ತೇಳು ಜಿಲ್ಲೆ, ಐವತ್ತು ಲಕ್ಷ ಚಿಲ್ಲರೆ ಜನ. ರಾಜ್ಯದ ಮರ ಉದ್ದೆಲೆಯ ಪೈನ್. ಹೂವು ಕಮೀಲಿಯ. ಮೊದಲು ಹೂವಾಗಿದ್ದದ್ದು ನಮ್ಮ ಹಿತ್ತಿಲ ಬೇಲಿಯ ಉದ್ದಕ್ಕೂ ತಾನಾಗಿ ಏಳುವ ಆ ಹಳದಿ ಹೂವಿನ ಹೊನ್ನಕಡ್ಡಿ ಗಿಡ. ಅದು ಬರೀ ಕಳೆ, ರಾಜ್ಯಕ್ಕೆ ಶೋಭೆಯಲ್ಲ ಎಂದು ಕೆಲವು ಹೆಂಗಸರು ಹಟ ಹಿಡಿದದ್ದರಿಂದ ತೆಗೆದುಹಾಕಿದರಂತೆ. ಇಲ್ಲಿನ ಮಣ್ಣಲ್ಲೇ ಹುಟ್ಟಿದ್ದು ಕಳೆಯಾಯಿತು, ಹೊರದೇಶದಿಂದ ಹಡಗಿನಲ್ಲಿ ಬಂದ ಕಮೀಲಿಯ ರಾಜ್ಯದ ಗುರುತಾಯಿತು. ಇದನ್ನು ಬರೆದಿದ್ದೆ. ಆರ್ಲೀನ್ ಮೇಡಂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

ಆಮೇಲೆ ನಮ್ಮ ಜಿಲ್ಲೆಯ ಊರುಗಳ ಜನಸಂಖ್ಯೆಗೆ ಬಂದೆ. ಓಲ್ಡ್ ಬೆಥನಿ, 611. ಲೆಡ್ಯಾರ್ಡ್, 3,108. ಪೆನ್ಸಿಲ್ ಅಲ್ಲೇ ನಿಂತಿತು. ಲೆಡ್ಯಾರ್ಡಿನಲ್ಲಿ ಒಂದು ಪೆಟ್ರೋಲ್ ಬಂಕು, ಎರಡು ಚರ್ಚು, ನಾಲ್ಕು ಬೀದಿ. ಅಷ್ಟು ಜನ ಎಲ್ಲಿ ಮಲಗುತ್ತಾರೆ? ಗಣತಿಯ ಹಾಳೆಗಳನ್ನು ತೆರೆದು ನೋಡಿದೆ. ಎರಡು ಸಾವಿರದ ಏಳುನೂರ ನಲವತ್ತು ಜನ ಊರಾಚೆಯ ನಿಮ್ಮ ಜೈಲಿನ ಬೇಲಿಯ ಒಳಗಿನವರು. ಗಣತಿಯ ವರ್ಷ ಮನೆಗೆ ಎಣಿಸಲು ಬಂದಾಕೆಗೆ ಅಮ್ಮ ನಿನ್ನ ಹೆಸರನ್ನೂ ಬರೆಸಹೋಗಿದ್ದಳು, ನೆನಪಿದೆ. "ಅವರನ್ನ ಅಲ್ಲೇ ಎಣಿಸ್ತಾರಮ್ಮ," ಎಂದು ಆಕೆ ಮೆತ್ತಗೆ ಹೇಳಿದ್ದಳು. ಎಣಿಸಿದ್ದಾರೆ. ನಿನಗೆ ಓಟಿಲ್ಲ, ಆ ಊರಿನ ಬೀದಿಯಲ್ಲಿ ಒಂದು ಹೆಜ್ಜೆ ಇಟ್ಟಿಲ್ಲ, ಆದರೂ ನೀನು ಲೆಡ್ಯಾರ್ಡಿನವನು.

ಹೋದ ಅಕ್ಟೋಬರಿನಲ್ಲಿ ಜಿಲ್ಲಾ ಸಭೆ ಕೂತದ್ದು ಈ ಅಂಕಿಗಳನ್ನು ಮುಂದಿಟ್ಟುಕೊಂಡೇ. ಎರಡು ಕ್ಲಿನಿಕ್ ನಡೆಸಲು ಆಗುವುದಿಲ್ಲ, ಒಂದೇ ಸಾಕು, ಅದು ಲೆಡ್ಯಾರ್ಡಿನಲ್ಲಿ ಎಂದು ಅಧ್ಯಕ್ಷರು ಹೇಳಿದರು. ಅಮ್ಮ ಕೋಲೂರಿ ಎದ್ದು, ಮೂವತ್ತನಾಲ್ಕು ಮೈಲಿ ನಾನು ಹೇಗೆ ಹೋಗಲಿ, ಬಸ್ಸು ಬಿಡ್ತೀರಾ ಎಂದು ಕೇಳಿದಳು. ಆತ ನಕ್ಕೇ ಉತ್ತರಿಸಿದ: "ಜನ ಎಲ್ಲಿದಾರೋ ಅಲ್ಲಿ ಇಡ್ತೀವಿ, ತಾಯಿ. ಲೆಕ್ಕ ನಂದಲ್ಲ, ಗಣತಿದು." ಆ ಲೆಕ್ಕದಲ್ಲಿ ಬೇಲಿಯೊಳಗಿನವರೆಷ್ಟು ಎಂದು ಬರೆದಿಟ್ಟುಕೊಂಡ ಚೀಟಿ ನನ್ನ ಕೈಯಲ್ಲೇ ಇತ್ತು, ಅಣ್ಣಾ. ಹಿಂದಿನ ವಾರವಷ್ಟೇ ತೆಗೆದದ್ದು. ಜೈಲಿನವರಿಗೆ ವೈದ್ಯರೇ ಬೇರೆ, ನಿಮ್ಮಲ್ಲಿ ಒಬ್ಬನೂ ಆ ಕ್ಲಿನಿಕ್ಕಿನ ಬಾಗಿಲು ನೋಡುವುದಿಲ್ಲ ಎಂದು ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಚೀಟಿಯನ್ನು ಮಡಚುತ್ತಾ, ಬಿಡಿಸುತ್ತಾ ಕೂತೆ. ಅಧ್ಯಕ್ಷರ ಹಿಂದಿನ ಗೋಡೆಯ ಮೇಲೆ ರಾಜ್ಯದ ಲಾಂಛನವಿತ್ತು. 'ನಮ್ಮ ಹಕ್ಕುಗಳನ್ನು ಕಾಯ್ದುಕೊಳ್ಳುವ ಎದೆಗಾರಿಕೆ ನಮಗಿದೆ' ಎಂಬ ಧ್ಯೇಯವಾಕ್ಯ, ಅದೂ ಲ್ಯಾಟಿನ್ನಿನಲ್ಲಿ. ಆ ಸಭೆಯಲ್ಲಿ ಅದನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವಳು ಬಹುಶಃ ನಾನೊಬ್ಬಳೇ.

ಚರ್ಚಿನ ಹಿರಿಯ ಹೋಸಿಯಾ ಮಾಮನ ಗಾಡಿಯಲ್ಲಿ ವಾಪಸು ಬರುವಾಗ ಅಮ್ಮ ಬೈಯಲಿಲ್ಲ. "ನಾಲ್ಕು ವರ್ಷ ಓದಿಸಿದ್ದು ಪುಸ್ತಕದವರ ಮಾತು ಕೇಳಕ್ಕಾ? ನಿನ್ನ ಮಾತು ಯಾವಾಗ ಬರುತ್ತೆ?" ಎಂದಷ್ಟೇ ಕೇಳಿ ಕಿಟಕಿಯ ಕಡೆ ತಿರುಗಿಕೊಂಡಳು. ಮಾಮ ರೇಡಿಯೋ ಹಾಕಿದ.

ನವೆಂಬರಿನಲ್ಲಿ ಗಾಯವಾದಾಗಿನಿಂದ ಪಟ್ಟಿ ಬದಲಾಯಿಸಲು ವಾರಕ್ಕೊಮ್ಮೆ ಮಾಮನೇ ಕರೆದೊಯ್ಯುತ್ತಿದ್ದ. ಜನವರಿಯಲ್ಲಿ ಅವನ ಕಣ್ಣಿಗೆ ಪೊರೆ ಬಂದು ಗಾಡಿ ಓಡಿಸುವುದು ನಿಂತಿತು, ನಮಗೋ ಗಾಡಿಯಿಲ್ಲ. ಮೂರು ವಾರ ನಾನೇ ಮನೆಯಲ್ಲಿ ಬಿಸಿನೀರು ಕಾಯಿಸಿ ತೊಳೆದೆ. ಅಮ್ಮ ಹಲ್ಲು ಕಚ್ಚಿಕೊಂಡು, ನಿನ್ನ ಕೈ ನರ್ಸಮ್ಮನಿಗಿಂತ ವಾಸಿ ಕಣೆ ಎನ್ನುತ್ತಿದ್ದಳು. ಸುಳ್ಳು.

ಇನ್ನು ಬೇರೆ ವಿಶೇಷವಿಲ್ಲ. ಹಿತ್ತಿಲಿನ ಪಿಕಾನ್ ಮರ ಈ ಸಲ ಚೆನ್ನಾಗಿ ಕಾಯಿ ಬಿಟ್ಟಿತ್ತು, ಮುಕ್ಕಾಲು ಪಾಲು ಅಳಿಲುಗಳ ಹೊಟ್ಟೆಗೆ ಹೋಯಿತು. ಹೋಸಿಯಾ ಮಾಮ ಪ್ರತಿ ಭಾನುವಾರ ನಿನ್ನ ಹೆಸರು ಹೇಳಿ ಪ್ರಾರ್ಥಿಸುತ್ತಾನೆ. ಅಮ್ಮನ ಮುತ್ತು, ಆಶೀರ್ವಾದ. ನಿನಗಿಂತ ಮೊದಲು ಈ ಕಾಗದ ಬಿಡಿಸಿ ಓದುತ್ತಿರುವವರಿಗೂ ನನ್ನ ನಮಸ್ಕಾರ.

ನಿನ್ನ ಪುಟ್ಟಿ,
ಜೋನೆಲ್

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಸೋಮವಾರ ಅಮ್ಮನ ಕಾಲಿನ ಎರಡು ಬೆರಳು ಕತ್ತರಿಸಿ ತೆಗೆದರು. ಇನ್ನು ಮೇಲೆ ದಿನ ಬಿಟ್ಟು ದಿನ ಕ್ಲಿನಿಕ್ಕಿಗೆ ಹೋಗದಿದ್ದರೆ ಪಾದವೂ ಉಳಿಯುವುದಿಲ್ಲವಂತೆ. ಲೆಡ್ಯಾರ್ಡಿನಲ್ಲಿ, ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆ ಗೊತ್ತುಮಾಡಿದ್ದೇನೆ. ಶಾಲೆಗೆ ರಾಜೀನಾಮೆ ಕೊಟ್ಟಾಗಿದೆ. ಅಲ್ಲಿನ ಅಡುಗೆಮನೆಯ ಕಿಟಕಿಯಿಂದ ನಿಮ್ಮ ಬೇಲಿ ಕಾಣುತ್ತದೆ. ಮುಂದಿನ ಗಣತಿಯಲ್ಲಿ ಬೆಥನಿಗೆ ಇಬ್ಬರು ಕಡಿಮೆ, ಲೆಡ್ಯಾರ್ಡಿಗೆ ಇಬ್ಬರು ಹೆಚ್ಚು. ನಿನ್ನನ್ನು ನೋಡಲು ಬಂದಾಗಲೂ ಆ ಊರಿನ ನೀರು ಮುಟ್ಟದೆ ಮನೆಯಿಂದಲೇ ಬಾಟಲಿ ತುಂಬಿಸಿಕೊಂಡು ಬರುವವಳು ಅಮ್ಮ. ಅವಳಿಗೆ ಇನ್ನೂ ಹೇಳಿಲ್ಲ. ಭಾನುವಾರ ಹೇಳುತ್ತೇನೆ. ಬೇಡ ಎಂದರೂ ಕರೆದುಕೊಂಡು ಹೋಗುತ್ತೇನೆ.